ಬೆನ್ನ ನೀರಿನ ಸಕ್ಕರೆ

ಮಂಡ್ಯದಲ್ಲಿ ಸಕ್ಕರೆಯ ಲೆಕ್ಕವೆಂದರೆ ಟನ್ನಿನ ಲೆಕ್ಕ. ಎಕರೆಗೆ ಎಷ್ಟು ಕಬ್ಬು ಬಂತು, ಇಳುವರಿ ಎಷ್ಟೆಂದು ಬರೆದುಕೊಂಡರು, ಕಾರ್ಖಾನೆಯ ಬಾಕಿ ಯಾವಾಗ ಕೈಸೇರುತ್ತದೆ ಎಂಬ ಮಾತಿಲ್ಲದೆ ಅರಳಿಕಟ್ಟೆಯ ಸಂಜೆ ಮುಗಿಯುವುದಿಲ್ಲ. ಅದೇ ಊರಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇನ್ನೊಂದು ಸಕ್ಕರೆಯ ಲೆಕ್ಕ ನಡೆಯುತ್ತದೆ. ಅದು ಮಿಲಿಗ್ರಾಮಿನದು. ಜ್ವರ, ತಡೆಯಲಾರದ ತಲೆನೋವು, ವಾಂತಿ, ಸೆಟೆದುಕೊಂಡ ಕತ್ತು ಎಂದು ಬಂದ ರೋಗಿಯ ಸೊಂಟದ ಬಳಿ ತೆಳುವಾದ ಸೂಜಿ ಇಳಿಸಿ, ಕೆಲವು ಹನಿ ತಿಳಿನೀರನ್ನು ಸಣ್ಣ ಸೀಸೆಗೆ ಹಿಡಿದಿರುತ್ತಾರೆ. 100 ಮಿಲಿಲೀಟರಿಗೆ 60 ಮಿಲಿಗ್ರಾಂ ಆಸುಪಾಸಿನಲ್ಲಿ ಇರಬೇಕಾದ ಸಕ್ಕರೆ ಅದರಲ್ಲಿ 20ಕ್ಕೆ ಇಳಿದಿದ್ದರೆ, ಮೆದುಳಿನ ಹೊದಿಕೆಯಲ್ಲಿ ಬ್ಯಾಕ್ಟೀರಿಯಾ ಹೊಕ್ಕಿರುವ ಸಂಶಯ ಗಟ್ಟಿಯಾಗುತ್ತದೆ.

ಹಳ್ಳಿಯ ಮಾತಿನಲ್ಲಿ ಇದು ‘ಬೆನ್ನಿಂದ ನೀರು ತೆಗೆಯೋದು’. ಆ ಮಾತು ಕಿವಿಗೆ ಬಿದ್ದರೆ ಮನೆಮಂದಿ ಹೌಹಾರುತ್ತಾರೆ. ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ, ಕಾಲು ಸ್ವಾಧೀನ ತಪ್ಪುತ್ತದೆ ಎಂಬ ಭಯ ಇವತ್ತಿಗೂ ಅಳಿದಿಲ್ಲ. ಆದರೆ ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದಿರುತ್ತದೆ. ಸೂಜಿ ಇಳಿಯುವುದು ಅದಕ್ಕೂ ಕೆಳಗೆ. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಒಂದು ಹೊತ್ತಿಗೆ ಇರುವ ದ್ರವ ಸುಮಾರು 150 ಮಿಲಿಲೀಟರ್. ದೇಹ ದಿನಕ್ಕೆ ತಯಾರಿಸುವುದು 500 ಮಿಲಿಲೀಟರಿನಷ್ಟು. ಪರೀಕ್ಷೆಗೆ ತೆಗೆದ ಹನಿಗಳು ಒಂದು ಗಂಟೆಯೊಳಗೆ ಮತ್ತೆ ತುಂಬಿಕೊಳ್ಳುತ್ತವೆ. ತಲೆಯೊಳಗೆ ಗಡ್ಡೆ ಅಥವಾ ವಿಪರೀತ ಒತ್ತಡದ ಗುಮಾನಿ ಇದ್ದರೆ ಮಾತ್ರ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. 1891ರಲ್ಲಿ ಜರ್ಮನಿಯ ಹೈನ್‌ರಿಕ್ ಕ್ವಿಂಕೆ ಆರಂಭಿಸಿದ ಈ ವಿಧಾನಕ್ಕೆ 130 ವರ್ಷ ದಾಟಿದರೂ ಮೆದುಳಿನ ಸೋಂಕಿನ ಸುದ್ದಿ ತಿಳಿಯಲು ಇದಕ್ಕಿಂತ ನೇರ ದಾರಿ ಇನ್ನೂ ಸಿಕ್ಕಿಲ್ಲ.

ಮಂಡ್ಯ ಸೀಮೆಯಲ್ಲಿ ‘ಮೆದುಳು ಜ್ವರ’ ಎಂದರೆ ಜನ ಮೊದಲು ನೆನೆಯುವುದು ಜಪಾನೀಸ್ ಎನ್ಸೆಫಲೈಟಿಸನ್ನು. ವಿಶ್ವೇಶ್ವರಯ್ಯ ನಾಲೆಯ ನೀರು ನಿಲ್ಲುವ ಭತ್ತದ ಗದ್ದೆ, ಅಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ಹಂದಿ, ಬೆಳ್ಳಕ್ಕಿ ಸೇರಿ ನಡೆಸುವ ವೈರಸ್ ಕಾಯಿಲೆ ಅದು. ಅದರಲ್ಲಿ ಬೆನ್ನ ನೀರಿನ ಸಕ್ಕರೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಸಕ್ಕರೆಯನ್ನು ಇಳಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾಗಳ ಗುಂಪು. ನ್ಯೂಮೋಕಾಕಸ್, ಮೆನಿಂಗೋಕಾಕಸ್, ಚಿಕ್ಕ ಮಕ್ಕಳನ್ನು ಹಿಡಿಯುವ ಹಿಬ್ ಇವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಮನುಷ್ಯನನ್ನು ಮಲಗಿಸುತ್ತವೆ. ಕ್ಷಯದ ಬ್ಯಾಕ್ಟೀರಿಯಾ ವಾರಗಟ್ಟಲೆ ಹೊಂಚು ಹಾಕುತ್ತದೆ.

ಹಾಗಾದರೆ ಸಕ್ಕರೆ ಎಲ್ಲಿ ಹೋಯಿತು? ಬ್ಯಾಕ್ಟೀರಿಯಾ ತಿಂದುಹಾಕಿತು ಎಂಬುದು ಹಳೆಯ, ಸಲೀಸಾದ ಉತ್ತರ. ಅದು ಪೂರ್ತಿ ಸುಳ್ಳಲ್ಲ. ಆದರೆ ಕಳ್ಳರ ಪಟ್ಟಿಯಲ್ಲಿ ಬ್ಯಾಕ್ಟೀರಿಯಾದ ಹೆಸರು ಮೇಲ್ಗಡೆ ಬರುವುದಿಲ್ಲ. ಮೊದಲನೆಯದಾಗಿ, ರಕ್ತದಿಂದ ಮೆದುಳಿಗೆ ಸಕ್ಕರೆ ಸಾಗಿಸುವ ಬಾಗಿಲುಗಳು ಉರಿಯೂತದಲ್ಲಿ ಕೆಡುತ್ತವೆ. ಎರಡನೆಯದಾಗಿ, ರಕ್ತದ ಹರಿವು ಕುಂದಿ ಆಮ್ಲಜನಕ ಸಾಲದಾದ ಮೆದುಳಿನ ಕೋಶಗಳು ಬಂದಷ್ಟು ಸಕ್ಕರೆಯನ್ನು ಅರೆಬರೆ ಸುಟ್ಟು ಹೆಚ್ಚು ಹೆಚ್ಚು ಬೇಡತೊಡಗುತ್ತವೆ. ಮೂರನೆಯದಾಗಿ, ಬ್ಯಾಕ್ಟೀರಿಯಾವನ್ನು ಕೊಲ್ಲಲು ಲಕ್ಷಾಂತರ ಸಂಖ್ಯೆಯಲ್ಲಿ ನುಗ್ಗಿಬಂದ ನಮ್ಮದೇ ಬಿಳಿ ರಕ್ತಕಣಗಳು ಸಕ್ಕರೆಯನ್ನು ಗುಟುಕರಿಸುತ್ತವೆ.

ಈ ಬಿಳಿ ಕಣಗಳ ಹಸಿವು ಎಂಥದು ಎಂದು ತಿಳಿಯಲು ಮಂಡ್ಯಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆಲೆಮನೆಯಲ್ಲಿ ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಕೂಡಲೇ ಕೊಪ್ಪರಿಗೆಗೆ ಸುರಿಯಬೇಕು. ತಡವಾದರೆ ಹುಳಿ ತಿರುಗುತ್ತದೆ, ಬೆಲ್ಲ ಕಟ್ಟುವುದಿಲ್ಲ. 1933ರಲ್ಲಿ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ ಶುರುವಾದ ಮೈಷುಗರ್ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಡಿಸ್ಟಿಲರಿಗೆ ಹೋಗಿ, ಅಲ್ಲಿ ಯೀಸ್ಟ್ ಅದನ್ನು ಮದ್ಯಸಾರ ಮಾಡುತ್ತದೆ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಮನ್ಮುಲ್ ಡೇರಿಯಲ್ಲಿ ಹಾಲಿಗೆ ಹೆಪ್ಪು ಬಿದ್ದರೆ ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಮೇಲುನೋಟಕ್ಕೆ ಬೇರೆ ಬೇರೆ ಕಸುಬು. ಒಳಗೆ ನಡೆಯುವುದು ಬಹುಪಾಲು ಒಂದೇ ಕೆಲಸ. ಆರು ಇಂಗಾಲದ ಗ್ಲೂಕೋಸನ್ನು ಹತ್ತು ಹಂತಗಳಲ್ಲಿ ಸೀಳಿ, ಮೂರು ಮೂರು ಇಂಗಾಲದ ಎರಡು ತುಂಡು ಮಾಡುವುದು. ಇದಕ್ಕೆ ಗ್ಲೈಕಾಲಿಸಿಸ್ ಎಂದು ಹೆಸರು. 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನೊಡನೆ ಅರೆದು ಹಿಂಡಿದ ರಸದಲ್ಲಿ, ಜೀವಂತ ಕೋಶವೇ ಇಲ್ಲದೆ, ಸಕ್ಕರೆ ಹುದುಗುವುದನ್ನು ಕಂಡ. ಮುಂದಿನ ನಾಲ್ಕು ದಶಕಗಳಲ್ಲಿ ಎಂಬ್ಡೆನ್, ಮೇಯರ್‌ಹಾಫ್ ಮೊದಲಾದವರು ಆ ಹತ್ತೂ ಮೆಟ್ಟಿಲನ್ನು ಎಣಿಸಿಟ್ಟರು. ಕೊನೆಯ ಮೆಟ್ಟಿಲಿನಿಂದ ಯೀಸ್ಟ್ ಮದ್ಯಸಾರದ ಕಡೆ ತಿರುಗುತ್ತದೆ. ಮೊಸರಿನ ಬ್ಯಾಕ್ಟೀರಿಯಾ ಮತ್ತು ನಮ್ಮ ಬಿಳಿ ರಕ್ತಕಣ ಎರಡೂ ಲ್ಯಾಕ್ಟಿಕ್ ಆಮ್ಲದ ಕಡೆ ತಿರುಗುತ್ತವೆ.

ನರಕೋಶಕ್ಕೆ ಇಷ್ಟು ಸಾಲದು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಇರುವ ಮೆದುಳು ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಕೇಳುತ್ತದೆ. ಒಂದು ಗ್ಲೂಕೋಸನ್ನು ಬರೀ ಸೀಳಿದರೆ ಸಿಗುವ ಶಕ್ತಿಯ ನಾಣ್ಯ, ಅಂದರೆ ಎಟಿಪಿ, ಎರಡು. ಆಮ್ಲಜನಕ ಬಳಸಿ ಪೂರ್ತಿ ಸುಟ್ಟರೆ ಮೂವತ್ತರ ಸುಮಾರು. ಪೂರ್ತಿ ಸುಡುವ ಜಾಗ ಮೈಟೋಕಾಂಡ್ರಿಯಾ. ಅದರೊಳಗಿನ ಯಂತ್ರವನ್ನು ಕಾಣಬೇಕೆನ್ನುವವರು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರವನ್ನು ನೆನೆಯಬಹುದು. 1902ರಲ್ಲಿ ಕಾವೇರಿಯ ಧುಮುಕು ಅಲ್ಲಿ ಟರ್ಬೈನ್ ತಿರುಗಿಸಿ, 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು. ಮೈಟೋಕಾಂಡ್ರಿಯಾದ ಪೊರೆಯಲ್ಲೂ ಹಾಗೆಯೇ. ಒಂದು ಕಡೆ ಪ್ರೋಟಾನುಗಳು ಅಣೆಕಟ್ಟೆಯ ನೀರಿನಂತೆ ಒತ್ತರಿಸಿ ನಿಂತು, ಕಿರಿದಾದ ದಾರಿಯಲ್ಲಿ ಇಳಿಯುವಾಗ ಒಂದು ಪ್ರೋಟೀನ್ ಚಕ್ರವನ್ನು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ತಿರುಗಿಸುತ್ತವೆ. ಇದು ಹೋಲಿಕೆಯ ಮಾತಲ್ಲ, ಚಕ್ರ ನಿಜಕ್ಕೂ ತಿರುಗುತ್ತದೆ. ಅದರ ಗುಟ್ಟು ಬಿಡಿಸಿದ್ದಕ್ಕೆ ಪಾಲ್ ಬಾಯರ್ ಮತ್ತು ಜಾನ್ ವಾಕರ್ 1997ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು.

ಸೋಂಕಿಗೆ ಮೊದಲು ಓಡಿಬರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣದಲ್ಲಿ ಈ ಟರ್ಬೈನುಗಳು ತೀರ ಕಡಿಮೆ. ಅದು ಸಕ್ಕರೆಯನ್ನು ಬರೀ ಸೀಳುವ ದಾರಿಯನ್ನೇ ನಂಬಿದ ಜೀವಿ: ಲಾಭ ಕಡಿಮೆ, ಆದರೆ ಕೆಲಸ ಬೇಗ, ಕೀವು ತುಂಬಿ ಗಾಳಿಯಾಡದ ಜಾಗದಲ್ಲೂ ನಡೆಯುತ್ತದೆ. ಅದಕ್ಕೇ ಬೆನ್ನ ನೀರಿನಲ್ಲಿ ಗ್ಲೂಕೋಸ್ ಇಳಿದಷ್ಟೂ ಲ್ಯಾಕ್ಟೇಟ್ ಏರುತ್ತದೆ. ಲೀಟರಿಗೆ 3.5 ಮಿಲಿಮೋಲ್ ದಾಟಿದ ಲ್ಯಾಕ್ಟೇಟ್, ಕಾಯಿಲೆ ವೈರಸ್ಸಿನದಲ್ಲ, ಬ್ಯಾಕ್ಟೀರಿಯಾದ್ದಿರಬೇಕು ಎಂದು ಬೆರಳು ತೋರಿಸುತ್ತದೆ. ಲ್ಯಾಕ್ಟೇಟನ್ನು ಬರೀ ಕಸ ಎನ್ನುವಂತಿಲ್ಲ. ನರಕೋಶದ ಪಕ್ಕದಲ್ಲಿರುವ ಆಸ್ಟ್ರೋಸೈಟ್ ಕೋಶಗಳು ಅದನ್ನು ನರಕೋಶಕ್ಕೆ ಉಣಿಸುತ್ತವೆ ಎಂದು 1994ರಲ್ಲಿ ಪೆಲ್ಲರಿನ್ ಮತ್ತು ಮಾಜಿಸ್ಟ್ರೆಟ್ಟಿ ವಾದಿಸಿದರು. ಆ ಚರ್ಚೆ ಇನ್ನೂ ಆರಿಲ್ಲ.

ಕನ್ನಡದಲ್ಲಿ ‘ಉರಿಯೂತ’ ಎಂಬ ಪದವಿದೆ. ಉರಿ ಮತ್ತು ಊತ. ಇಷ್ಟು ಸರಿಯಾದ ಪದ ಎಲ್ಲ ಭಾಷೆಗೂ ದಕ್ಕಿಲ್ಲ. ಉರಿಗೆ ಸೌದೆ ಬೇಕು ಎಂಬುದು ಒಲೆಯ ಮುಂದೆ ಕೂತವರಿಗೆಲ್ಲ ಗೊತ್ತು, ಆದರೆ ರೋಗವಿಜ್ಞಾನ ಅದನ್ನು ಅಕ್ಷರಶಃ ಕಂಡದ್ದು ಇತ್ತೀಚೆಗೆ. 2013ರಲ್ಲಿ ಡಬ್ಲಿನ್‌ನ ಲ್ಯೂಕ್ ಒನೀಲ್ ಅವರ ತಂಡ ಮ್ಯಾಕ್ರೋಫೇಜ್ ಎಂಬ ಕಬಳಿಸುವ ಕೋಶಗಳ ಮೇಲೆ ಬ್ಯಾಕ್ಟೀರಿಯಾದ ಹೊರಪೊರೆಯ ತುಣುಕು ಹಾಕಿ ನೋಡಿತು. ಕೋಶದೊಳಗಿನ ಟರ್ಬೈನಿನ ದಾರಿ ತಪ್ಪಿ, ಸಕ್ಸಿನೇಟ್ ಎಂಬ ನಡುಹಂತದ ವಸ್ತು ಗುಡ್ಡೆ ಬಿತ್ತು. ಹಾಗೆ ಬಿದ್ದ ಸಕ್ಸಿನೇಟೇ ಐಎಲ್-1 ಬೀಟಾ ಎಂಬ ಉರಿಯೂತದ ಸಂದೇಶವನ್ನು ಹೆಚ್ಚಿಸಿತು. ಜ್ವರ ಏರಿಸುವ, ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆಯನ್ನು ಸಡಿಲಿಸುವ ಸಂದೇಶ ಇದೇ. ಅದೇ ಕೋಶ ಇಟಕೊನೇಟ್ ಎಂಬ ಇನ್ನೊಂದು ವಸ್ತುವನ್ನೂ ಮಾಡುತ್ತದೆ, ಅದು ಉರಿಯನ್ನು ತಗ್ಗಿಸುತ್ತದೆ. ಅಂದರೆ ಕೋಶ ಏನು ಸುಡುತ್ತದೆ ಎಂಬುದೂ ಎಷ್ಟು ರೇಗುತ್ತದೆ ಎಂಬುದೂ ಎರಡು ಸಂಗತಿಗಳಲ್ಲ.

ಕಾಲು ಊದಿದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ತಲೆಬುರುಡೆ ಕೊಡುವುದಿಲ್ಲ.

ಬ್ಯಾಕ್ಟೀರಿಯಾ ಸತ್ತ ಮೇಲೂ ಈ ಉರಿ ನಿಲ್ಲದಿರುವುದು ವೈದ್ಯರನ್ನು ಬಹಳ ಕಾಲ ಕಾಡಿತು. 1980ರ ದಶಕದಲ್ಲಿ ಅಮೆರಿಕದ ಎಲೈನ್ ಟುಆಮನನ್ ಮೊಲಗಳ ಬೆನ್ನ ನೀರಿಗೆ ನ್ಯೂಮೋಕಾಕಸ್‌ನ ಗೋಡೆಯ ಚೂರುಗಳನ್ನಷ್ಟೇ ಬಿಟ್ಟು, ಜೀವಂತ ಬ್ಯಾಕ್ಟೀರಿಯಾ ಒಂದೂ ಇಲ್ಲದೆ ಮೆದುಳಿನ ಹೊದಿಕೆ ಊದಿಕೊಳ್ಳುವುದನ್ನು ತೋರಿಸಿದರು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಸಿಡಿಸಿದಾಗ ಇಂಥ ಚೂರುಗಳೇ ಒಮ್ಮೆಗೆ ಚೆಲ್ಲುತ್ತವೆ. ಹಾಗೆಂದು ಔಷಧ ಕೊಡದಿರಲು ಸಾಧ್ಯವಿಲ್ಲ, ಕೊಡದಿದ್ದರೆ ಸಾವು ಬಹುತೇಕ ನಿಶ್ಚಿತ. ಈ ಇಕ್ಕಟ್ಟಿಗೆ ಸಿಕ್ಕ ಉಪಾಯ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡ್, ಅದೂ ಆಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುಂಚೆ ಅಥವಾ ಜೊತೆಯಲ್ಲಿ. 2002ರಲ್ಲಿ ನೆದರ್ಲೆಂಡ್ಸ್ ನೇತೃತ್ವದಲ್ಲಿ 301 ವಯಸ್ಕರ ಮೇಲೆ ನಡೆದ ಅಧ್ಯಯನದಲ್ಲಿ ಸಾವು ನೂರಕ್ಕೆ 15ರಿಂದ 7ಕ್ಕೆ ಇಳಿಯಿತು. ಐದು ವರ್ಷದ ನಂತರ ಆಫ್ರಿಕಾದ ಮಲಾವಿಯಲ್ಲಿ, ಬಹುಪಾಲು ಎಚ್‌ಐವಿ ಸೋಂಕಿತರಾಗಿದ್ದ 465 ರೋಗಿಗಳಲ್ಲಿ, ಅದೇ ಔಷಧ ಏನೂ ಪ್ರಯೋಜನ ಕೊಡಲಿಲ್ಲ. ಒಂದೇ ನೀರು ಎಲ್ಲ ಬೆಂಕಿಯನ್ನೂ ಆರಿಸುವುದಿಲ್ಲ.

ದೇಹದಿಂದ ದೇಹಕ್ಕೆ ಇರುವ ಇಂಥ ವ್ಯತ್ಯಾಸದ ಒಂದು ಹಳೆಯ ಸಾಕ್ಷಿ ಮಂಡ್ಯ ಜಿಲ್ಲೆಯ ಬೇಲಿಗೆ ಹತ್ತಿಕೊಂಡೇ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, 1961ರಿಂದ 1968ರವರೆಗೆ ನೆಲಮಂಗಲ, ದೇವನಹಳ್ಳಿ ಮತ್ತು ಮದ್ದೂರಿಗೆ ಅಂಟಿಕೊಂಡ ಚನ್ನಪಟ್ಟಣ ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಮನೆಮನೆ ಸುತ್ತಿ ಕ್ಷಯದ ಜಾಡು ಹಿಡಿಯಿತು. ಹಳ್ಳಿಗಳಲ್ಲಿ ಚಿಕಿತ್ಸೆ ಇಲ್ಲವೆನ್ನುವಷ್ಟು ಕಡಿಮೆ ಇದ್ದ ಕಾಲ. ಕಫದಲ್ಲಿ ರೋಗಾಣು ಕಂಡವರಲ್ಲಿ ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು, ಮೂರನೇ ಒಂದರಷ್ಟು ಜನರಲ್ಲಿ ರೋಗಾಣು ತಾನಾಗಿಯೇ ಮಾಯವಾಗಿತ್ತು, ಉಳಿದವರು ರೋಗವನ್ನು ಹೊತ್ತುಕೊಂಡೇ ಇದ್ದರು. ಅದೇ ಕೆರೆ, ಅದೇ ರಾಗಿ, ಅದೇ ರೋಗಾಣು. ಬಾಳಿದವರು ಬೇರೆ, ಮಡಿದವರು ಬೇರೆ. ಕಾರಣದ ಒಂದು ಪಾಲಾದರೂ ಆಯಾ ದೇಹ ಸೋಂಕಿಗೆ ಉತ್ತರ ಕೊಡುವ ರೀತಿಯಲ್ಲಿರಬೇಕು.

ಕ್ಷಯ ಮೆದುಳಿಗೆ ಬರುವುದು ಶ್ವಾಸಕೋಶದಿಂದ ರಕ್ತದ ದಾರಿಯಲ್ಲಿ. 1933ರಲ್ಲಿ ಆರ್ನಾಲ್ಡ್ ರಿಚ್ ಮತ್ತು ಹೋವರ್ಡ್ ಮೆಕಾರ್ಡಕ್ ತೋರಿಸಿದಂತೆ, ಅದು ಮೊದಲು ಮೆದುಳಿನಲ್ಲೋ ಹೊದಿಕೆಯಲ್ಲೋ ಕಾಳಿನಷ್ಟು ಚಿಕ್ಕ ಗಂಟು ಕಟ್ಟಿಕೊಂಡು ಕೂರುತ್ತದೆ. ಎಂದೋ ಒಂದು ದಿನ ಅದು ಒಡೆದು ಬೆನ್ನ ನೀರಿಗೆ ಚೆಲ್ಲುತ್ತದೆ. ಮೆದುಳಿನ ತಳದಲ್ಲಿ ಅಂಟಂಟಾದ ಸ್ರಾವ ಮೆತ್ತಿಕೊಂಡು ರಕ್ತನಾಳಗಳನ್ನು ಹಿಸುಕುತ್ತದೆ, ನೀರು ಹರಿಯುವ ಕಂಡಿಯನ್ನು ಮುಚ್ಚುತ್ತದೆ. ಪಾರ್ಶ್ವವಾಯುವಿಗೂ ತಲೆಯಲ್ಲಿ ನೀರು ತುಂಬಿಕೊಳ್ಳುವುದಕ್ಕೂ ಇದೇ ಮೂಲ. ಈ ರೋಗಿಯ ಬೆನ್ನ ನೀರನ್ನು ಅಲುಗಿಸದೆ ಇಟ್ಟರೆ ಕೆಲವೊಮ್ಮೆ ಅದರಲ್ಲಿ ಜೇಡರ ಬಲೆಯಂಥ ಎಳೆ ಕಟ್ಟುತ್ತದೆ; ಹಳಬರಾದ ವೈದ್ಯರು ಸೀಸೆಯನ್ನು ಬೆಳಕಿಗೆ ಹಿಡಿದು ಅದನ್ನೇ ಹುಡುಕುತ್ತಿದ್ದರು. ಸಕ್ಕರೆ ಇಲ್ಲೂ ಇಳಿದಿರುತ್ತದೆ. ಆದರೆ ಕ್ಷಯದ ರೋಗಾಣುವಿಗೆ ದೇಹದೊಳಗೆ ಇಷ್ಟವಾದ ಊಟ ಸಕ್ಕರೆಯಲ್ಲ, ಕೊಬ್ಬು ಮತ್ತು ಕೊಲೆಸ್ಟೆರಾಲ್. ಸಕ್ಕರೆ ಕದ್ದವರು ಮನೆಯವರೇ ಎಂಬುದಕ್ಕೆ ಇದೊಂದು ಸುಳಿವು.

ವಿಯೆಟ್ನಾಂನಲ್ಲಿ 545 ಮೆದುಳು ಕ್ಷಯದ ರೋಗಿಗಳ ಮೇಲೆ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕ್ಷಯದ ಮಾತ್ರೆಗಳ ಜೊತೆ ಡೆಕ್ಸಾಮೆಥಾಸೋನ್ ಪಡೆದವರಲ್ಲಿ ಸಾವು ನೂರಕ್ಕೆ 41ರಿಂದ 32ಕ್ಕೆ ಇಳಿಯಿತು, ಆದರೆ ಬದುಕಿದವರ ಅಂಗವೈಕಲ್ಯ ಕಡಿಮೆಯಾಗಲಿಲ್ಲ. ವಡೋದರದಲ್ಲಿ ವೈದ್ಯಕೀಯ ಓದಿದ ಲಲಿತಾ ರಾಮಕೃಷ್ಣನ್ ಅವರ ತಂಡ ಜೀಬ್ರಾಮೀನಿನ ಮರಿಗಳಲ್ಲಿ ಉರಿಯೂತದ ಏರಿಳಿತ ತೀರ್ಮಾನಿಸುವ ಒಂದು ಜೀನನ್ನು ಗುರುತಿಸಿತು. ಉರಿ ಅತಿಯಾದರೂ ಅತಿ ಕಡಿಮೆಯಾದರೂ ಮೀನು ಸಾಯುತ್ತಿತ್ತು. ಅದೇ ಜೀನಿನ ರೂಪಭೇದ ವಿಯೆಟ್ನಾಂ ರೋಗಿಗಳಲ್ಲಿ ಯಾರಿಗೆ ಸ್ಟೆರಾಯ್ಡ್ ಒಗ್ಗುತ್ತದೆ ಎಂದು ಹೇಳುವಂತೆ ಕಂಡಿತು. ಇಂಡೊನೇಷ್ಯಾದ ರೋಗಿಗಳಲ್ಲಿ ಆ ಸಂಬಂಧ ಸಿಗಲಿಲ್ಲ. ಆಸ್ಪಿರಿನ್ನನ್ನೂ ವಿಯೆಟ್ನಾಂನಲ್ಲಿ 120 ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. ದಿನಕ್ಕೆ ಒಂದು ಗ್ರಾಂ ಡೋಸಿನಲ್ಲಿ ಅದು ಬೆನ್ನ ನೀರಿನಲ್ಲಿ ಉರಿಯೂತವನ್ನು ಇಳಿಸುವ ಕೊಬ್ಬಿನ ಅಣುಗಳನ್ನು ಹೆಚ್ಚಿಸಿತ್ತು.

ಇಂಡೊನೇಷ್ಯಾದಿಂದಲೇ 2018ರಲ್ಲಿ ಅಚ್ಚರಿಯ ಸುದ್ದಿಯೊಂದು ಬಂತು. ಬೆನ್ನ ನೀರಿನ ನೂರಾರು ಅಣುಗಳನ್ನು ಅಳೆದಾಗ, ಬದುಕಿ ಉಳಿದವರನ್ನೂ ಸತ್ತವರನ್ನೂ ಬೇರ್ಪಡಿಸಿದ್ದು ಗ್ಲೂಕೋಸ್ ಅಲ್ಲ, ಟ್ರಿಪ್ಟೊಫಾನ್. ಹಾಲು, ಬೇಳೆ, ರಾಗಿಯಿಂದ ನಮಗೆ ಸಿಗುವ ಒಂದು ಅಮೈನೋ ಆಮ್ಲ ಅದು. ಬದುಕಿದವರ ಬೆನ್ನ ನೀರಿನಲ್ಲಿ ಟ್ರಿಪ್ಟೊಫಾನ್ ಕಡಿಮೆ ಇತ್ತು. ಆಮೇಲೆ ಇಂಡೊನೇಷ್ಯಾ ಮತ್ತು ವಿಯೆಟ್ನಾಂನ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಇದು ಮತ್ತೆ ಕಂಡಿತು. ಹಾಗೆಂದು ಹಾಲು ರಾಗಿ ಬಿಟ್ಟರೆ ಕಾಯಿಲೆ ವಾಸಿಯಾಗುತ್ತದೆ ಎಂದುಕೊಂಡರೆ ಅನಾಹುತ. ಈ ರೋಗಿಗಳು ಮೊದಲೇ ಸೊರಗಿರುತ್ತಾರೆ, ಅವರಿಗೆ ಊಟ ಬೇಕು. ಇಲ್ಲಿ ನಡೆಯುತ್ತಿರುವುದು ಬೇರೆ. ಸೋಂಕು ತಗುಲಿದ ಕೋಶಗಳು ಐಡಿಒ ಎಂಬ ಕಿಣ್ವ ಹಚ್ಚಿ ಟ್ರಿಪ್ಟೊಫಾನನ್ನು ಕೈನುರೆನಿನ್ ಆಗಿ ಕತ್ತರಿಸುತ್ತವೆ. ಶತ್ರುವಿಗೆ ಕಾಳು ಸಿಗದಂತೆ ಕಣಜ ಖಾಲಿ ಮಾಡುವ ತಂತ್ರ ಇದು. ಕೆಲವು ಬ್ಯಾಕ್ಟೀರಿಯಾಗಳು ಇದರಿಂದ ಸೊರಗುತ್ತವೆ. ಕ್ಷಯದ ರೋಗಾಣು ಮಾತ್ರ ತನಗೆ ಬೇಕಾದ ಟ್ರಿಪ್ಟೊಫಾನನ್ನು ತಾನೇ ಮಾಡಿಕೊಳ್ಳಬಲ್ಲದು.

ಕೈನುರೆನಿನ್‌ನಿಂದ ಮುಂದೆ ದಾರಿ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ನರಕೋಶವನ್ನು ಕಾಯುವ ಕೈನುರೆನಿಕ್ ಆಮ್ಲ. ಇನ್ನೊಂದರಲ್ಲಿ ನರಕೋಶವನ್ನು ವಿಪರೀತ ಕೆರಳಿಸಿ ಕೊಲ್ಲಬಲ್ಲ ಕ್ವಿನೊಲಿನಿಕ್ ಆಮ್ಲ. ಆ ಎರಡನೆಯ ಕವಲೇ ಕೊನೆಗೆ ಎನ್‌ಎಡಿ ಎಂಬ ವಸ್ತುವನ್ನು ಕೊಡುತ್ತದೆ. ಅದು ಇಲ್ಲದಿದ್ದರೆ ಗ್ಲೈಕಾಲಿಸಿಸ್‌ನ ಓಟ ನಡುಮೆಟ್ಟಿಲಲ್ಲೇ ನಿಲ್ಲುತ್ತದೆ, ಟರ್ಬೈನೂ ನಿಲ್ಲುತ್ತದೆ. ಆಲೆಮನೆಯ ಸಕ್ಕರೆಯ ದಾರಿ, ಅಮೈನೋ ಆಮ್ಲದ ದಾರಿ, ಉರಿಯೂತದ ದಾರಿ ಎಲ್ಲವೂ ಇಲ್ಲಿ ಒಂದೇ ಸಂತೆಯಲ್ಲಿ ಬಂದು ಸೇರುತ್ತವೆ. ಟ್ರಿಪ್ಟೊಫಾನ್ ಕಡಿಮೆಯಾದದ್ದು ಬದುಕಲು ಕಾರಣವೋ, ಬದುಕುವವರ ಗುರುತೋ ಎಂಬುದನ್ನು ವಿಜ್ಞಾನಿಗಳು ಈಗ ಬಿಡಿಸುತ್ತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ ಅವರು 1995ರಲ್ಲಿ ಕಟ್ಟಿದ ಮೆದುಳು ಬ್ಯಾಂಕ್ ಇಂಥ ಕೆಲಸಕ್ಕೆ ಆಧಾರ. ಮೆದುಳು ಕ್ಷಯದಿಂದ ತೀರಿಕೊಂಡವರ ಮೆದುಳಿನ ಪ್ರೋಟೀನುಗಳನ್ನೂ ಜೀನುಗಳ ಚಟುವಟಿಕೆಯನ್ನೂ ನಿಮ್ಹಾನ್ಸ್ ಮತ್ತು ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸೇರಿ ಪರೀಕ್ಷಿಸಿವೆ. ದುಃಖದ ಗಳಿಗೆಯಲ್ಲೂ ಒಪ್ಪಿಗೆ ಕೊಟ್ಟ ಕುಟುಂಬಗಳ ಋಣ ಆ ಫಲಿತಾಂಶಗಳ ಮೇಲಿದೆ.

ಇಷ್ಟೆಲ್ಲ ತಿಳಿದರೂ ರೋಗಿಯ ಹಣೆಬರಹವನ್ನು ಎಲ್ಲಕ್ಕಿಂತ ಹೆಚ್ಚು ತೀರ್ಮಾನಿಸುವುದು ಅವನು ಆಸ್ಪತ್ರೆ ಸೇರಿದಾಗ ಎಷ್ಟು ಎಚ್ಚರವಾಗಿದ್ದ ಎಂಬ ಒಂದೇ ಸಂಗತಿ. ನ್ಯೂಮೋಕಾಕಸ್ ಆದರೆ ಗಂಟೆಗಳ ಲೆಕ್ಕ. ಕ್ಷಯವಾದರೆ ಮೋಸ ಹೋಗುವುದು ಸುಲಭ. ಆಡುವ ಮಗು ಮಂಕಾಗುತ್ತದೆ, ಊಟ ತಳ್ಳುತ್ತದೆ, ರೇಗುತ್ತದೆ. ಎರಡು ಮೂರು ವಾರ ಸಣ್ಣ ಜ್ವರ. ದೃಷ್ಟಿ ತಾಗಿದೆ, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುವಷ್ಟರಲ್ಲಿ ಕಣ್ಣು ಮಾಲತೊಡಗುತ್ತದೆ. ತಾಯತ ಕಟ್ಟಿಸಿದವರನ್ನು ಬೈಯುವುದು ಸುಲಭ, ಆದರೆ ಅವರಿಗೆ ಕಂಡದ್ದು ತಲೆನೋವಲ್ಲ, ಮಗುವಿನ ಬದಲಾದ ಸ್ವಭಾವ. ಆ ಬದಲಾವಣೆಯೇ ರೋಗದ ಲಕ್ಷಣ ಎಂದು ಅವರಿಗೆ ಹೇಳಬೇಕಾದವರು ಮೊದಲೇ ಹೇಳಿರಬೇಕು.

ಲಸಿಕೆಗಳು ಸಾಕಷ್ಟು ಹೊರೆ ಇಳಿಸಿವೆ. ಹುಟ್ಟಿದಾಗ ತೋಳಿಗೆ ಕೊಡುವ ಬಿಸಿಜಿ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅಷ್ಟಾಗಿ ತಡೆಯದಿದ್ದರೂ ಮಕ್ಕಳ ಮೆದುಳು ಕ್ಷಯವನ್ನು ನೂರಕ್ಕೆ ಎಪ್ಪತ್ತರಷ್ಟು ತಡೆಯುತ್ತದೆ. ಹಿಬ್ ಈಗ ಪೆಂಟಾವೇಲೆಂಟ್ ಲಸಿಕೆಯೊಳಗಿದೆ, ನ್ಯೂಮೋಕಾಕಸ್ ಲಸಿಕೆ 2021ರಿಂದ ದೇಶದ ಎಲ್ಲ ಮಕ್ಕಳಿಗೆ ಸಿಗುತ್ತಿದೆ. ದಾರಿಯೂ ಹತ್ತಿರವಾಗಿದೆ. 2006ರಲ್ಲಿ ಮಂಡ್ಯಕ್ಕೆ ಮಿಮ್ಸ್ ವೈದ್ಯಕೀಯ ಕಾಲೇಜು ಬಂತು. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾದ 118 ಕಿಲೋಮೀಟರ್‌ನ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರಿನಿಂದ ನಿಮ್ಹಾನ್ಸ್‌ಗೆ ಹೊರಡುವ ಆಂಬುಲೆನ್ಸಿನ ಸಮಯವನ್ನು ಗಣನೀಯವಾಗಿ ಕಡಿಮೆ ಮಾಡಿದೆ. ಮಳವಳ್ಳಿ ತಾಲ್ಲೂಕಿನ ಒಳಹಳ್ಳಿಗಳಿಂದ ಹೆದ್ದಾರಿ ಮುಟ್ಟುವ ದಾರಿ ಇನ್ನೂ ಉದ್ದವೇ.

ಸೂಜಿಗೆ ಹೆದರದೆ ಬೆನ್ನು ಕೊಟ್ಟು, ಸ್ಟೆರಾಯ್ಡನ್ನು ಆರೆಂಟು ವಾರ ಹಂತಹಂತವಾಗಿ ಇಳಿಸಿಕೊಂಡು ಮನೆಗೆ ಮರಳುವ ಮೆದುಳು ಕ್ಷಯದ ರೋಗಿಯ ಕೈಯಲ್ಲಿ ಸುಮಾರು ಒಂದು ವರ್ಷ ನುಂಗಬೇಕಾದ ಮಾತ್ರೆಗಳಿರುತ್ತವೆ. ಅವುಗಳಲ್ಲಿ ಬೆನ್ನ ನೀರಿಗೆ ಚೆನ್ನಾಗಿ ಇಳಿಯುವ ಐಸೋನಿಯಾಜಿಡ್ ಒಂದು. ಅದು ದೇಹದ ಬಿ6 ಜೀವಸತ್ವವನ್ನು ಕರಗಿಸುತ್ತದೆ. ಕೈನುರೆನಿನ್ ಸಂತೆಯ ಒಂದು ಮುಖ್ಯ ಕಿಣ್ವ ಆ ಬಿ6 ಇಲ್ಲದೆ ಕೈಕಟ್ಟಿ ಕೂರುತ್ತದೆ, ಅಂಗೈ ಅಂಗಾಲು ಜುಮುಗುಟ್ಟತೊಡಗುತ್ತವೆ. ಅದಕ್ಕೆಂದು ದೊಡ್ಡ ಮಾತ್ರೆಗಳ ಪಕ್ಕದಲ್ಲಿ 10 ಮಿಲಿಗ್ರಾಮಿನ ಚಿಕ್ಕ ಪಿರಿಡಾಕ್ಸಿನ್ ಮಾತ್ರೆ. ‘ಇದು ಬರೀ ಟಾನಿಕ್ಕು, ಬಿಟ್ಟರೂ ಆದೀತು’ ಎಂದು ಮನೆಯಲ್ಲಿ ಯಾರಾದರೂ ಅಂದಾಗ, ಬೇಡ, ಅದನ್ನೂ ನುಂಗಿಸಿ ಎಂದು ಆಶಾ ಕಾರ್ಯಕರ್ತೆ ಪ್ರತಿ ಭೇಟಿಯಲ್ಲೂ ಹೇಳಬೇಕಾದದ್ದು ಆ ಮಾತ್ರೆಯ ಬಗ್ಗೆಯೇ.